ಗೋಡೌನ್‌ನಲ್ಲಿ ಗೋಧಿ ಇತ್ತು, ಆದ್ರೂ ಕೈ ಬಿಗಿ: 2022ರ ಬಫರ್ ಸ್ಟಾಕ್ ಪ್ರಕರಣ

2022ರ ಏಪ್ರಿಲ್ 1ಕ್ಕೆ ಸೆಂಟ್ರಲ್ ಪೂಲ್‌ನಲ್ಲಿ, ಅಂದ್ರೆ ಎಫ್‌ಸಿಐ (ಭಾರತೀಯ ಆಹಾರ ನಿಗಮ) ಮತ್ತು ರಾಜ್ಯ ಏಜೆನ್ಸಿಗಳ ಗೋಡೌನ್ ಎಲ್ಲಾ ಸೇರಿ, ಸುಮಾರು 190 ಲಕ್ಷ ಟನ್ ಗೋಧಿ ಇತ್ತು. ಆ ದಿನಕ್ಕೆ ಇರಲೇಬೇಕು ಅಂತ ಸರ್ಕಾರ ತಾನೇ ಹಾಕ್ಕೊಂಡಿದ್ದ ಗೆರೆ 74.6 ಲಕ್ಷ ಟನ್. ಎರಡೂವರೆ ಪಟ್ಟು ಇತ್ತು ಸ್ವಾಮಿ. ಆ ತಿಂಗಳು ಜಗತ್ತಿಗೆಲ್ಲಾ ನಾವೇ ಗೋಧಿ ಕೊಡ್ತೀವಿ ಅನ್ನೋ ಮಾತೂ ನಡೀತಿತ್ತು, ಆ ವರ್ಷ 100 ಲಕ್ಷ ಟನ್ ರಫ್ತು ಮಾಡೋ ಪ್ಲ್ಯಾನೂ ಇತ್ತು. ಆರು ವಾರ ಕಳೀತು, ಮೇ 13ಕ್ಕೆ ಗೋಧಿ ರಫ್ತು ಬಂದ್ ಅಂತ ಆದೇಶ. ಸೋಮವಾರ ಶಿಕಾಗೋ ಮಾರ್ಕೆಟ್ ತೆರೆದಾಗ ಗೋಧಿ ರೇಟು ಒಂದೇ ಸಲ 6 ಪರ್ಸೆಂಟ್ ಹತ್ತಿರ ಜಿಗೀತು.

ಆಗ ಟಿವಿಲಿ ಬಂದ ಚರ್ಚೆ ಎಲ್ಲಾ ರಫ್ತು ಸರೀನಾ ತಪ್ಪಾ ಅನ್ನೋದ್ರ ಮೇಲೇ. ನಾನು ದಿನಾ ಸ್ಟಾಕ್ ಲೆಕ್ಕ ನೋಡೋ ಕೆಲಸದಲ್ಲಿರೋನು, ನನಗೆ ಇದು ಶುದ್ಧ ಸೇಫ್ಟಿ ಸ್ಟಾಕ್ (ಏರುಪೇರು ಆದ್ರೆ ಇರಲಿ ಅಂತ ಎತ್ತಿಡೋ ಮೀಸಲು) ಪ್ರಶ್ನೆ ಅನ್ಸಿತ್ತು. ಎರಡೂವರೆ ಪಟ್ಟು ಇಟ್ಕೊಂಡಿರೋನು ಆರು ವಾರದಲ್ಲಿ ಯಾಕೆ ಗಾಬರಿ ಆಗ್ತಾನೆ? ಇದಕ್ಕೆ ಉತ್ತರ ಹುಡುಕ್ತಾ ಹೋದ್ರೆ ಮೀಸಲು ಸ್ಟಾಕ್ ಬಗ್ಗೆ ಕ್ಲಾಸ್‌ನಲ್ಲಿ ಹೇಳಿಕೊಡೋ ಫಾರ್ಮುಲಾ ಎಲ್ಲಿ ಕೈ ಕೊಡುತ್ತೆ ಅನ್ನೋದು ಚೆನ್ನಾಗಿ ಕಾಣುತ್ತೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಆ ಗೆರೆ ಏನು ಅಂತ ನೋಡೋಣ. ಮೂರು ತಿಂಗಳಿಗೊಂದು ನಾರ್ಮ್ ಇದೆ, ಈಗಿರೋದು 2015ರಲ್ಲಿ ಹಾಕಿದ್ದು. ಗೋಧಿಗೆ ಜುಲೈ 1ಕ್ಕೆ 275.8, ಅಕ್ಟೋಬರ್ 1ಕ್ಕೆ 205.2, ಜನವರಿ 1ಕ್ಕೆ 138, ಏಪ್ರಿಲ್ 1ಕ್ಕೆ 74.6 ಲಕ್ಷ ಟನ್. ಇಳೀತಾ ಹೋಗೋದಕ್ಕೆ ಕಾರಣ ಸಿಂಪಲ್, ಗೋಧಿ ವರ್ಷಕ್ಕೊಂದೇ ಬೆಳೆ, ಏಪ್ರಿಲ್‌ನಿಂದ ಜೂನ್ ಒಳಗೆ ಪಂಜಾಬ್, ಹರಿಯಾಣ, ಮಧ್ಯಪ್ರದೇಶದ ಮಂಡಿಗಳಲ್ಲಿ ಕೊಂಡ್ಕೊಂಡಿದ್ದೇ ವರ್ಷ ಪೂರ್ತಿ ಓಡಬೇಕು. ಈ ಪ್ರತಿ ಅಂಕಿಯಲ್ಲೂ 30 ಲಕ್ಷ ಟನ್ ತುರ್ತು ಮೀಸಲು, ಉಳಿದಿದ್ದು ರೇಷನ್‌ಗೆ ಕೊಡೋಕೆ ಬೇಕಾದ ಓಡಾಟದ ಸ್ಟಾಕ್. ಎರಡೂ ಒಂದೇ ಗೋಡೌನ್‌ನ ಒಂದೇ ರಾಶಿ, ಕಾಗದದ ಮೇಲೆ ಮಾತ್ರ ಬೇರೆ.

ಈಗ ಒಂದು ಸಣ್ಣ ಕಳೆಯೋ ಲೆಕ್ಕ ಮಾಡಿ. 275.8ರಿಂದ 205.2 ಕಳೆದ್ರೆ 70.6, ಮೂರು ತಿಂಗಳದ್ದು. ಅದರ ಮುಂದಿನ ಮೂರು ತಿಂಗಳಿಗೆ 67.2, ಆಮೇಲೆ 63.4. ಅಂದ್ರೆ ಈ ನಾರ್ಮ್ ಹಾಕಿದೋರ ತಲೇಲಿ ಇದ್ದ ಖರ್ಚು ತಿಂಗಳಿಗೆ ಹೆಚ್ಚುಕಮ್ಮಿ 21ರಿಂದ 23 ಲಕ್ಷ ಟನ್. ಆ ಲೆಕ್ಕದಲ್ಲಿ 30 ಲಕ್ಷ ಟನ್ ತುರ್ತು ಮೀಸಲು ಅಂದ್ರೆ ಸುಮಾರು 40 ದಿನದ ರೇಷನ್. ಬೆಳೆ ಕೈಕೊಟ್ರೆ ಹೊರದೇಶದಿಂದ ತರಿಸಿ ಬಂದರಿಗೆ ಇಳಿಸೋವರೆಗೆ ದೂಡೋದಕ್ಕೆ ಅಂತ ನೋಡಿದ್ರೆ ಪರವಾಗಿಲ್ಲ ಅನ್ನಿಸೋ ನಂಬರು. 2006ರ ಏಪ್ರಿಲ್‌ನಲ್ಲಿ ಗೋಧಿ ಸ್ಟಾಕ್ 20 ಲಕ್ಷ ಟನ್‌ಗೆ ಬಿದ್ದು, ಆ ವರ್ಷ ಖರೀದಿ 92 ಲಕ್ಷ ಟನ್‌ಗೆ ನಿಂತು, ಸುಮಾರು 55 ಲಕ್ಷ ಟನ್ ಹೊರಗಿಂದ ತರಿಸ್ಕೋಬೇಕಾಗಿ ಬಂದಿತ್ತು. ತುರ್ತು ಮೀಸಲು ಅಂತ ಬೇರೆ ಸಾಲು ಬಂದಿದ್ದು ಆ ಪೆಟ್ಟು ಬಿದ್ದ ಮೇಲೇ.

2022ಕ್ಕೆ ಬರೋಣ. ಡಿಮ್ಯಾಂಡ್ ಕಡೆ ನಾರ್ಮ್ ಆಗ್ಲೇ ಸುಳ್ಳಾಗಿತ್ತು. ಕೋವಿಡ್ ಟೈಮಲ್ಲಿ, 2020ರ ಏಪ್ರಿಲ್‌ನಲ್ಲಿ ಶುರುವಾದ ಗರೀಬ್ ಕಲ್ಯಾಣ್ ಅನ್ನ ಯೋಜನೆ, ಮಾಮೂಲಿ ರೇಷನ್ ಜೊತೆಗೆ ತಲೆಗೆ ಇನ್ನೂ 5 ಕೆಜಿ ಪುಕ್ಕಟೆ, 80 ಕೋಟಿ ಜನಕ್ಕೆ. 80 ಕೋಟಿಗೆ 5 ಕೆಜಿ ಅಂದ್ರೆ 400 ಕೋಟಿ ಕೆಜಿ, ಅಂದ್ರೆ ತಿಂಗಳಿಗೆ 40 ಲಕ್ಷ ಟನ್ ಧಾನ್ಯ, ಅಕ್ಕಿ ಗೋಧಿ ಸೇರಿ. ಅದರಲ್ಲಿ ಅರ್ಧ ಗೋಧಿ ಅಂತ ಹಿಡ್ಕೊಳ್ಳಿ, ತಿಂಗಳ ಖರ್ಚು ಹತ್ತಿರ ಹತ್ತಿರ ಡಬಲ್. 40 ದಿನದ ಮೀಸಲು 20 ಚಿಲ್ಲರೆ ದಿನಕ್ಕೆ ಬಂತು, ಗೋಡೌನ್‌ನಿಂದ ಒಂದು ಚೀಲವೂ ಅಲುಗಾಡದೆ. ಇದನ್ನ ಯಾರೂ ಗಮನಿಸಲಿಲ್ಲ ಅಂತಲ್ಲ, ಗಮನಿಸೋ ಅಗತ್ಯ ಬರಲಿಲ್ಲ, ಯಾಕಂದ್ರೆ 2021ರಲ್ಲಿ ಖರೀದಿ 433 ಲಕ್ಷ ಟನ್, ಅಲ್ಲಿವರೆಗಿನ ದಾಖಲೆ. ಆ ಜುಲೈ 1ಕ್ಕೆ ಗೋಧಿ 603 ಲಕ್ಷ ಟನ್ ಇತ್ತು. ಗೋಡೌನ್ ತುಂಬಿ ಬಯಲಲ್ಲಿ ಕಟ್ಟೆ ಕಟ್ಟಿ ಮೂಟೆ ಪೇರಿಸಿ ಟಾರ್ಪಾಲ್ ಹೊದಿಸೋದೆಲ್ಲಾ ಇಂಥ ವರ್ಷಗಳಲ್ಲೇ. ಅಷ್ಟು ಕಣ್ಣಿಗೆ ಕಾಣೋ ರಾಶಿ ಇದ್ದಾಗ ಮೀಸಲು ಸಾಕಾ ಅಂತ ಕೇಳೋನು ಹುಚ್ಚ ಅನ್ನಿಸ್ಕೋತಾನೆ.

ಆದ್ರೆ ಆ ಒಂದು ವರ್ಷದಲ್ಲಿ ಹೊರಗೆ ಹೋಗಿದ್ದೆಷ್ಟು ಅಂತ ಲೆಕ್ಕ ಹಾಕಿದ್ರೆ ಎದೆ ಧಸಕ್ ಅನ್ನುತ್ತೆ. 2021ರ ಏಪ್ರಿಲ್ 1ರ ಓಪನಿಂಗ್ ಸ್ಟಾಕ್ 273, ಅದಕ್ಕೆ ಖರೀದಿ 433 ಸೇರಿಸಿ, ಮುಂದಿನ ಏಪ್ರಿಲ್‌ನಲ್ಲಿ ಉಳಿದಿದ್ದ 190 ಕಳೀರಿ. 516 ಲಕ್ಷ ಟನ್ ಖರ್ಚು. ರೇಷನ್, ಗರೀಬ್ ಕಲ್ಯಾಣ್, ಮಾರ್ಕೆಟ್‌ಗೆ ಮಾರಿದ್ದು ಎಲ್ಲಾ ಸೇರಿ. ಇದೇ ಸ್ಪೀಡಲ್ಲಿ 2022-23ನೂ ಓಡಬೇಕಿದ್ರೆ ಕೈಲಿರೋ 190ರ ಜೊತೆ ಏನಿಲ್ಲಾ ಅಂದ್ರೂ 400 ಲಕ್ಷ ಟನ್ ಖರೀದಿ ಆಗಬೇಕಿತ್ತು. ಸರ್ಕಾರದ ಟಾರ್ಗೆಟ್ಟೂ 444 ಲಕ್ಷ ಟನ್ನೇ ಇತ್ತು.

ಅಲ್ಲಿ ಎರಡು ಪೆಟ್ಟು ಒಟ್ಟಿಗೆ ಬಿತ್ತು. ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು, ಆ ಎರಡು ದೇಶ ಸೇರಿ ಜಗತ್ತಿನ ಗೋಧಿ ವ್ಯಾಪಾರದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ, ರೇಟು ಆಕಾಶಕ್ಕೆ. ಆಮೇಲೆ ಮಾರ್ಚ್‌ನಲ್ಲಿ ಬಿಸಿಲು. 1901ರಿಂದ ಲೆಕ್ಕ ಇಟ್ಟಾಗಿನಿಂದ ಅಷ್ಟು ಬಿಸಿ ಮಾರ್ಚ್ ಇರಲಿಲ್ಲ. ಗೋಧಿಗೆ ಮಾರ್ಚ್ ಅಂದ್ರೆ ಉತ್ತರದಲ್ಲಿ ಕಾಳಿಗೆ ಹಾಲು ತುಂಬಿ ಗಟ್ಟಿ ಆಗೋ ಸಮಯ. ಆ ಹೊತ್ತಲ್ಲಿ ಬಿಸಿಗಾಳಿ ಬಡಿದ್ರೆ ಗಿಡ ಬೇಗ ಮಾಗಿ ಬಿಡುತ್ತೆ, ತೆನೆ ನೋಡೋಕೆ ಸರಿಯಾಗೇ ಇರುತ್ತೆ, ಕಾಳು ಮಾತ್ರ ಸಣಕಲು, ಸುಕ್ಕು ಸುಕ್ಕು, ಕೈಗೆ ಹಿಡಿದ್ರೆ ತೂಕನೇ ಇರಲ್ಲ. ಎಫ್‌ಸಿಐ ಮಾಮೂಲಿಯಾಗಿ ಇಂಥ ಸುಕ್ಕು ಕಾಳು 6 ಪರ್ಸೆಂಟ್ ತನಕ ಒಪ್ಕೊಳ್ಳುತ್ತೆ, ಆ ವರ್ಷ ಮೇನಲ್ಲಿ ಪಂಜಾಬ್ ಹರಿಯಾಣಕ್ಕೆ ಅದನ್ನ 18ಕ್ಕೆ ಏರಿಸಿದ್ರು, ರೇಟೂ ಕಟ್ ಮಾಡದೆ. ಬೆಳೆ ಹೇಗಿತ್ತು ಅಂತ ತಿಳ್ಕೊಳ್ಳೋಕೆ ಇದಕ್ಕಿಂತ ಬೇರೆ ರಿಪೋರ್ಟ್ ಬೇಕಾಗಿಲ್ಲ.

ಆದ್ರೆ ಇಲ್ಲಿ ಒಂದು ವಿಚಿತ್ರ ಇದೆ, ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ಸೋದು ಇದೇ. ಸರ್ಕಾರದ ಕೊನೇ ಲೆಕ್ಕದ ಪ್ರಕಾರ ಆ ವರ್ಷದ ಉತ್ಪಾದನೆ 1,077 ಲಕ್ಷ ಟನ್, ಹಿಂದಿನ ವರ್ಷ 1,096. ಎರಡು ಪರ್ಸೆಂಟೂ ಕಮ್ಮಿ ಆಗಿಲ್ಲ. ವ್ಯಾಪಾರಿಗಳು ಈ ನಂಬರ್ ನಂಬಲಿಲ್ಲ, ಅದು ಬೇರೆ ಮಾತು, ಇನ್ನೂ ಕಮ್ಮಿ ಅಂತ ಇಟ್ಕೊಂಡ್ರೂ ಬೆಳೆ ಅರ್ಧ ಏನೂ ಹೋಗಿರಲಿಲ್ಲ. ಖರೀದಿ ಎಷ್ಟಾಯ್ತು ಗೊತ್ತಾ? 188 ಲಕ್ಷ ಟನ್. 433ರಿಂದ 188ಕ್ಕೆ, 57 ಪರ್ಸೆಂಟ್ ಇಳಿಕೆ. ಬೆಂಬಲ ಬೆಲೆ ಕ್ವಿಂಟಲ್‌ಗೆ 2,015 ರೂಪಾಯಿ, ಹೊರಗೆ ಪ್ರೈವೇಟ್ ವ್ಯಾಪಾರಿ ಅದಕ್ಕಿಂತ ಜಾಸ್ತಿ ಕೊಟ್ಟು ಮಂಡಿಯಲ್ಲೇ ಎತ್ಕೊಂಡು ಹೋಗ್ತಿದ್ದ, ಕೈಯಲ್ಲಿ ಸ್ವಲ್ಪ ದುಡ್ಡಿದ್ದ ರೈತ ಇನ್ನೂ ಏರುತ್ತೆ ಅಂತ ಮನೇಲೇ ಇಟ್ಕೊಂಡ. ಗೋಧಿ ದೇಶದಲ್ಲೇ ಇತ್ತು, ಸರ್ಕಾರದ ತಕ್ಕಡಿಗೆ ಬರಲಿಲ್ಲ ಅಷ್ಟೇ.

ಅಂದ್ರೆ ಅನಿಶ್ಚಿತತೆ ಹೊಲದಲ್ಲಿದ್ದಿದ್ದು ಸ್ವಲ್ಪ, ಖರೀದಿ ಕೌಂಟರ್‌ನಲ್ಲಿದ್ದಿದ್ದು ಬಹಳ. ಸೇಫ್ಟಿ ಸ್ಟಾಕ್ ಫಾರ್ಮುಲಾದಲ್ಲಿ ಸಪ್ಲೈ ಏರುಪೇರು ಒಂದು ಕಡೆ, ಡಿಮ್ಯಾಂಡ್ ಏರುಪೇರು ಇನ್ನೊಂದು ಕಡೆ ಹಾಕಿ, ಎರಡಕ್ಕೂ ಸಂಬಂಧ ಇಲ್ಲ ಅಂತ ಅಂದ್ಕೊಂಡು ವರ್ಗಮೂಲ ತೆಗೀತೀವಲ್ಲ, ಇಲ್ಲಿ ಆ ಅಂದ್ಕೊಳ್ಳೋದೇ ನಿಲ್ಲಲ್ಲ. ಮಾರ್ಕೆಟ್ ರೇಟು ಏರಿದ್ರೆ ರೈತ ಸರ್ಕಾರಕ್ಕೆ ಕೊಡಲ್ಲ, ಅದೇ ರೇಟು ಏರಿದ್ರೆ ಜನ ಸರ್ಕಾರದ ಕಡೆ ನೋಡ್ತಾರೆ, ರೇಷನ್ ಬೇಕು, ಮಾರ್ಕೆಟ್‌ಗೂ ಗೋಧಿ ಬಿಡಿ ಅಂತಾರೆ. ಒಂದೇ ಕಾರಣಕ್ಕೆ ಬರೋದು ಕಮ್ಮಿ, ಕೇಳೋದು ಜಾಸ್ತಿ. ಜೊತೆಗೆ ಲೀಡ್ ಟೈಮ್, ಅಂದ್ರೆ ಮುಂದಿನ ಸರಕು ಬರೋಕೆ ಹಿಡಿಯೋ ಸಮಯ, ಒಂದು ವರ್ಷ, ಮೇನಲ್ಲಿ ತಪ್ಪಿದ್ರೆ ಮುಂದಿನ ಏಪ್ರಿಲ್ ತನಕ ಇನ್ನೊಂದು ಲೋಡ್ ಬರಲ್ಲ. ಹೊರಗಿಂದ ತರಿಸೋಣ ಅಂದ್ರೆ 40 ಪರ್ಸೆಂಟ್ ಆಮದು ಸುಂಕ, ಹೊರಗಿನ ರೇಟೂ ಬೆಂಕಿ.

ಈಗ ಮೇ ತಿಂಗಳ ಮಧ್ಯದಲ್ಲಿ ದೆಹಲಿಯಲ್ಲಿ ಕೂತೋರ ಜಾಗದಲ್ಲಿ ನೀವಿರಿ. ಕೈಲಿ 190, ಖರೀದಿ ಟಾರ್ಗೆಟ್ 444ರಿಂದ 195ಕ್ಕೆ ಇಳಿಸಿ ಆಗಿದೆ, ಕೊನೆಗೆ ಸಿಕ್ಕಿದ್ದು 188. ಒಟ್ಟು 378. ಹೋದ ವರ್ಷದ ಖರ್ಚು 516. ಏಪ್ರಿಲ್‌ನಲ್ಲಿ 74.6 ಉಳಿಸ್ಕೋಬೇಕು ಅಂದ್ರೆ ಖರ್ಚು ಮಾಡೋಕೆ ಇರೋದು ಬರೀ 303. ಎರಡು ದಾರಿ. ಒಂದು, ಮೀಸಲಿಗೆ ಕೈ ಹಾಕಿ, ಅದಿರೋದೇ ಇಂಥ ವರ್ಷಕ್ಕೆ ಅಲ್ವಾ. ಇನ್ನೊಂದು, ಖರ್ಚನ್ನೇ 200 ಲಕ್ಷ ಟನ್ ಮೇಲೆ ಕತ್ತರಿಸಿ.

ಎರಡನೇದನ್ನ ಹಿಡಿದ್ರು. ರಫ್ತು ನಿಲ್ಲಿಸಿದ್ದು ಅದರ ಒಂದು ಭಾಗ ಮಾತ್ರ, ಅದೂ ನೇರವಾಗಿ ಗೋಡೌನ್ ಸ್ಟಾಕ್ ಅಲ್ಲ, ದೇಶದೊಳಗಿನ ಮಾರ್ಕೆಟ್ ರೇಟು ಇಳಿಸೋ ಉಪಾಯ. ನಿಜವಾದ ಕತ್ತರಿ ಬಿದ್ದಿದ್ದು ರೇಷನ್‌ನಲ್ಲಿ. ಮೇ ತಿಂಗಳಿಂದ ಗರೀಬ್ ಕಲ್ಯಾಣ್ ಗೋಧಿ ಕೋಟಾಗೆ ಕೈ ಹಾಕಿದ್ರು, ಬಿಹಾರ, ಉತ್ತರಪ್ರದೇಶ, ಕೇರಳಕ್ಕೆ ಅದರಲ್ಲಿ ಗೋಧಿ ಸೊನ್ನೆ, ಇನ್ನೂ ಹಲವು ರಾಜ್ಯಕ್ಕೆ ಕಮ್ಮಿ, ಬದಲಿಗೆ ಸೆಪ್ಟೆಂಬರ್ ತನಕ 55 ಲಕ್ಷ ಟನ್ ಹೆಚ್ಚುವರಿ ಅಕ್ಕಿ. ಡಿಸೆಂಬರ್ ಮುಗಿದ ಮೇಲೆ ಆ ಎಕ್ಸ್‌ಟ್ರಾ 5 ಕೆಜಿನೇ ನಿಲ್ಲಿಸಿ, ಮಾಮೂಲಿ ರೇಷನ್ನೇ ಪುಕ್ಕಟೆ ಮಾಡಿ ಅದಕ್ಕೆ ಗರೀಬ್ ಕಲ್ಯಾಣ್ ಅನ್ನೋ ಹಳೇ ಹೆಸರೇ ಇಟ್ರು. ತಿಂಗಳಿಗೆ 40 ಲಕ್ಷ ಟನ್ ಭಾರ ಇಳೀತು, ಜನಕ್ಕೆ ಪುಕ್ಕಟೆ ಅನ್ನೋ ಪದ ಉಳೀತು. ಲೆಕ್ಕದ ದೃಷ್ಟಿಯಿಂದ ನೋಡಿದ್ರೆ ಚಾಣಾಕ್ಷ ಕೆಲಸ, ಒಪ್ಕೋಬೇಕು.

2023ರ ಏಪ್ರಿಲ್ 1ಕ್ಕೆ ಉಳಿದಿದ್ದು 83.45 ಲಕ್ಷ ಟನ್. ಅಂದ್ರೆ ಆ ವರ್ಷದ ಖರ್ಚು 294. ಹಿಂದಿನ ವರ್ಷ 516! ಗೆರೆ ಉಳೀತು, ಉಳಿಸಿದ್ದು ಗೋಧಿ ಬಫರ್ ಅಲ್ಲ, ಪಕ್ಕದ ಅಕ್ಕಿ ರಾಶಿ. 2022ರ ಅಕ್ಟೋಬರ್ 1ಕ್ಕೆ ಅಕ್ಕಿ ನಾರ್ಮ್ 102.5 ಲಕ್ಷ ಟನ್, ಇದ್ದಿದ್ದು ಸುಮಾರು ಎರಡು ಪಟ್ಟು, ಇನ್ನೂ ಮಿಲ್ ಆಗದ ಭತ್ತ ಬೇರೆ. ಅದಿರಲಿಲ್ಲ ಅಂದಿದ್ರೆ ಈ ಆಟ ಆಡೋಕೇ ಆಗ್ತಿರಲಿಲ್ಲ. ಎರಡು ಐಟಂ ಒಂದಕ್ಕೊಂದು ಬದಲಿ ಆಗೋ ಹಾಗಿದ್ರೆ ಎರಡಕ್ಕೂ ಬೇರೆ ಬೇರೆ ಮೀಸಲು ದಂಡ ಅಂತ ಸ್ಟಾಕ್ ನೋಡೋರು ಹೇಳ್ತಾರೆ, ಆದ್ರೆ ಬದಲಿ ಆಗುತ್ತೆ ಅಂತ ನಿರ್ಧಾರ ಮಾಡೋದು ಗೋಡೌನ್ ಕಡೆಯೋರು, ತಿನ್ನೋರಲ್ಲ. ರೊಟ್ಟಿ ತಟ್ಟೋ ಉತ್ತರದ ಮನೆಗೆ ತಿಂಗಳ ಗೋಧಿ ಬದಲು ಅಕ್ಕಿ ಚೀಲ ಬಂದ್ರೆ ಅವರು ಏನು ಮಾಡ್ತಾರೆ? ಅಕ್ಕಿ ಮಾರಿ, ಏರಿದ ರೇಟಲ್ಲಿ ಆಟಾ ಕೊಳ್ತಾರೆ. ಸರ್ಕಾರದ ಪುಸ್ತಕದಲ್ಲಿ ಕಮ್ಮಿ ಆದ ಡಿಮ್ಯಾಂಡ್ ಹಾಗೇ ಹೋಗಿ ಅಂಗಡೀಲಿ ನಿಂತ್ಕೊಳ್ಳುತ್ತೆ.

ಅಂಗಡೀಲಿ ಆಗಿದ್ದೂ ಅದೇ. 2023ರ ಜನವರಿಯಲ್ಲಿ ದೆಹಲಿ ಮಾರ್ಕೆಟ್‌ನಲ್ಲಿ ಗೋಧಿ ಕ್ವಿಂಟಲ್‌ಗೆ 3,000 ರೂಪಾಯಿ ದಾಟಿತ್ತು, ಬೆಂಬಲ ಬೆಲೆಗಿಂತ ಒಂದೂವರೆ ಪಟ್ಟು. ನಮ್ಮ ಕಡೆ ಮಿಲ್‌ಗಳಿಗೆ ಗೋಧಿ ಬರೋದೇ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಿಂದ, ಲಾರಿ ರೈಲು ಬಾಡಿಗೆ ಮೇಲೆ, ಹಾಗಾಗಿ ಮೈದಾ, ರವೆ, ಆಟಾ ಎಲ್ಲದಕ್ಕೂ ಬಿಸಿ ಇಲ್ಲಿಗೂ ಮುಟ್ಟಿತು. ಬೇಕರಿಯೋರನ್ನ ಕೇಳಿ. ಸರ್ಕಾರ ಗೋಧಿ ಮಾರ್ಕೆಟ್‌ಗೆ ಬಿಡ್ತೀವಿ ಅಂತ ಹೇಳಿದ್ದು ಜನವರಿ 25ಕ್ಕೆ, 30 ಲಕ್ಷ ಟನ್, ಮೊದಲ ಹರಾಜು ಫೆಬ್ರವರಿ 1ಕ್ಕೆ. ಕನಿಷ್ಠ ರೇಟು 2,350 ಪ್ಲಸ್ ಬಾಡಿಗೆ ಅಂತ ಇಟ್ಟಿದ್ರು, ಎರಡೇ ವಾರಕ್ಕೆ 2,150ಕ್ಕೆ ಇಳಿಸಿದ್ರು, ಆಮೇಲೆ ಇನ್ನೂ 20 ಲಕ್ಷ ಟನ್ ಸೇರಿಸಿದ್ರು. ರೇಟು ಇಳೀತು.

ನನ್ನ ತಕರಾರು ಇರೋದು ಈ ತಡದ ಬಗ್ಗೆ. 2022ರ ಅಕ್ಟೋಬರ್ 1ಕ್ಕೆ ಸ್ಟಾಕ್ 227, ಗೆರೆ 205. ಜನವರಿ 1ಕ್ಕೆ ಸ್ಟಾಕ್ 172, ಗೆರೆ 138. ಗೆರೆ ಮೇಲೆ 22, ಆಮೇಲೆ 34 ಲಕ್ಷ ಟನ್ ಇತ್ತು, ಗೆರೆ ಒಳಗೆ ಮತ್ತೆ 30 ತುರ್ತು ಮೀಸಲು. ಇಷ್ಟಿದ್ದೂ ಹಬ್ಬದ ಸೀಸನ್ ಪೂರ್ತಿ ಒಂದು ಕಾಳೂ ಬಿಡದೆ ಕೂತಿದ್ದು ಯಾಕೆ? ವ್ಯಾಪಾರಿ ದಡ್ಡ ಅಲ್ಲ, ಸರ್ಕಾರದ ಕೈ ಬಿಗಿ ಇದೆ ಅಂತ ಗೊತ್ತಾದ ತಕ್ಷಣ ಅವನೂ ಹಿಡ್ಕೊಂಡ. ಸೆಪ್ಟೆಂಬರ್‌ನಲ್ಲಿ 10 ಲಕ್ಷ ಟನ್ ಬಿಟ್ಟಿದ್ರೆ ಜನವರಿಯಲ್ಲಿ 30 ಬೇಕಾಗ್ತಿತ್ತಾ ಅನ್ನೋದು ನನ್ನ ಅನುಮಾನ. ಹಳೇ ಕಾಲದಲ್ಲಿ ಬಿಜಾಪುರ ಧಾರವಾಡ ಕಡೆ ಹಗೇವು (ನೆಲದೊಳಗೆ ತೋಡಿದ ಕಣಜ) ತುಂಬಿ ಜೋಳ ಇಡ್ತಿದ್ರಲ್ಲ, ಅದನ್ನ ಯಾವಾಗ ತೆಗೀಬೇಕು ಅನ್ನೋದು ಊರಿನ ಹಿರಿಯರಿಗೆ ಗೊತ್ತಿರ್ತಿತ್ತು. ಇಲ್ಲಿ ಎಷ್ಟು ಇಡಬೇಕು ಅನ್ನೋಕೆ ಟೇಬಲ್ ಇದೆ, ದಶಾಂಶ ಸಮೇತ. ಯಾವಾಗ, ಎಷ್ಟು ರೇಟಿಗೆ ತೆಗೀಬೇಕು ಅನ್ನೋಕೆ ಅಂಥದ್ದೊಂದು ಟೇಬಲ್ ಇಲ್ಲ, ಪ್ರತಿ ಸಲ ಹೊಸದಾಗಿ ಮೀಟಿಂಗ್. ಮೀಸಲಿಗೆ ತೆಗೆಯೋ ನಿಯಮ ಇಲ್ಲದೆ ಹೋದ್ರೆ ಅದು ಮೀಸಲಾಗಿ ಕೆಲಸನೇ ಮಾಡಲ್ಲ, ಇನ್ನೊಂದು ಕನಿಷ್ಠ ಮಟ್ಟ ಆಗಿಬಿಡುತ್ತೆ, ಅದರ ಹತ್ತಿರ ಹೋಗೋಕೇ ಎಲ್ಲರಿಗೂ ಭಯ.

ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಅಕ್ಟೋಬರ್‌ನಲ್ಲಿ ಕೂತೋರಿಗೆ ಮುಂದಿನ ಬೆಳೆ ಹೇಗೆ ಬರುತ್ತೆ ಅಂತ ಗೊತ್ತಿರಲಿಲ್ಲ, ಮತ್ತೆ ಬಿಸಿಲು ಬಡಿದ್ರೆ ಅನ್ನೋ ಭಯ ಸುಳ್ಳೂ ಆಗಲಿಲ್ಲ: 2023ರ ಫೆಬ್ರವರಿ 1901ರಿಂದ ಈಚೆಗೆ ಅತಿ ಬಿಸಿ ಫೆಬ್ರವರಿ, ಮಾರ್ಚ್‌ನಲ್ಲಿ ಅಕಾಲ ಮಳೆ. ಆ ಸಲ ಖರೀದಿ 262 ಲಕ್ಷ ಟನ್, ಪರವಾಗಿಲ್ಲ ಆದ್ರೆ ಟಾರ್ಗೆಟ್‌ಗಿಂತ ಕಮ್ಮಿ. ಜೂನ್ 12ಕ್ಕೆ ವ್ಯಾಪಾರಿಗಳ ಮೇಲೆ ಸ್ಟಾಕ್ ಲಿಮಿಟ್, ಹೋಲ್‌ಸೇಲ್‌ನೋರಿಗೆ 3,000 ಟನ್. ಅಂದ್ರೆ ತನ್ನ ಮೀಸಲು ಸಾಲದ ಸರ್ಕಾರ ಬೇರೆಯೋರ ಮೀಸಲನ್ನೂ ಕರಗಿಸೋಕೆ ಹೊರಟಿತು, ಇದರ ಬಗ್ಗೆ ಬೇರೆನೇ ಬರೀಬಹುದು. ಆ ವರ್ಷ ಕೈ ಬಿಚ್ಚಿ ಮಾರಿದ್ರು, 90 ಲಕ್ಷ ಟನ್‌ಗೂ ಮೇಲೆ. 2024ರ ಏಪ್ರಿಲ್ 1ಕ್ಕೆ ಸ್ಟಾಕ್ 75 ಲಕ್ಷ ಟನ್, 16 ವರ್ಷದಲ್ಲೇ ಕಮ್ಮಿ, ಗೆರೆಗಿಂತ ಕೂದಲೆಳೆ ಮೇಲೆ. ಆಕಾಶ ಏನೂ ಬೀಳಲಿಲ್ಲ, ಅಂದ್ರೆ ಮೊದಲ ವರ್ಷವೂ ಇಷ್ಟು ಧೈರ್ಯ ಮಾಡಬಹುದಿತ್ತು.

ಗೋಧಿ ಕೋಟಾ ಕಟ್ ಆಗಿದ್ದು ಕರ್ನಾಟಕದ ಕಾರ್ಡ್‌ದಾರರಿಗೆ ಅಷ್ಟಾಗಿ ತಟ್ಟಲಿಲ್ಲ, ಇಲ್ಲಿ ರೇಷನ್ ಅಂದ್ರೆ ಅಕ್ಕಿ, ಜೊತೆಗೆ ಹಳೇ ಮೈಸೂರು ಕಡೆ ರಾಗಿ, ಉತ್ತರಕ್ಕೆ ಜೋಳ. ನಮಗೆ ತಟ್ಟಿದ್ದು ಇದರ ಎರಡನೇ ಅಲೆ. 2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ 5 ಕೆಜಿ ಕೊಡೋಕೆ ರಾಜ್ಯಕ್ಕೆ ತಿಂಗಳಿಗೆ 2.28 ಲಕ್ಷ ಟನ್ ಅಕ್ಕಿ ಬೇಕಿತ್ತು. ಎಫ್‌ಸಿಐ ಮೊದಲು ಒಪ್ಕೊಂಡಿತ್ತು, ಜೂನ್ 13ಕ್ಕೆ ಕೇಂದ್ರ ಸರ್ಕಾರ ಓಪನ್ ಮಾರ್ಕೆಟ್ ಸ್ಕೀಮಲ್ಲಿ (ರೇಷನ್ ಬಿಟ್ಟು ಗೋಡೌನ್ ಧಾನ್ಯ ಮಾರೋ ವ್ಯವಸ್ಥೆ) ರಾಜ್ಯಗಳಿಗೆ ಮಾರೋದನ್ನೇ ನಿಲ್ಲಿಸಿತು. ಅಕ್ಕಿ ನಾರ್ಮ್ ಜುಲೈ 1ಕ್ಕೆ 135.4 ಲಕ್ಷ ಟನ್, ಇದ್ದಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ರಾಜಕೀಯ ಎಷ್ಟು, ಎಚ್ಚರಿಕೆ ಎಷ್ಟು ಅಂತ ಕೇಂದ್ರ, ರಾಜ್ಯ ಎರಡೂ ಕಡೆಯೋರು ಇವತ್ತಿಗೂ ಜಗಳ ಆಡ್ತಾರೆ, ನಾನು ಅದಕ್ಕೆ ಹೋಗಲ್ಲ. ಆದ್ರೆ ಗೋಧಿ ಕಮ್ಮಿ ಇದ್ದಾಗ ಗೋಧಿ ಜಾಗಕ್ಕೂ ಅಕ್ಕಿನೇ ಹೋಗಬೇಕು ಅನ್ನೋ ಸ್ಥಿತಿ ಇತ್ತಲ್ಲ, ಅಲ್ಲಿ ಅಕ್ಕಿ ಎಕ್ಸ್‌ಟ್ರಾ ಇದೆ ಅಂತ ಬರೀ ಅಕ್ಕಿ ನಾರ್ಮ್ ನೋಡಿ ಹೇಳೋಕಾಗಲ್ಲ ಅನ್ನೋದು ಸತ್ಯ. ಜುಲೈ 20ಕ್ಕೆ ಬಾಸುಮತಿ ಅಲ್ಲದ ಬಿಳಿ ಅಕ್ಕಿ ರಫ್ತೂ ಬಂದ್ ಆಯ್ತು, ಆಗಸ್ಟ್ 1901ರಿಂದ ಈಚೆಗೆ ಅತಿ ಒಣ ಆಗಸ್ಟ್ ಆಯ್ತು, ನಮ್ಮಲ್ಲೇ 236 ತಾಲ್ಲೂಕಲ್ಲಿ 223 ಬರಪೀಡಿತ. ರಾಜ್ಯ ಅಕ್ಕಿ ಬದಲು ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಬ್ಯಾಂಕಿಗೆ ಹಾಕೋಕೆ ಶುರು ಮಾಡಿತು.

ಆಮೇಲೆ ಬೆಳೆ ಚೆನ್ನಾಗಿ ಬಂತು, ರಫ್ತು ನಿಂತಿದ್ದಕ್ಕೆ ಅಕ್ಕಿ ಒಳಗೇ ಉಳೀತು, ಗೋಡೌನ್ ತುಂಬಿ ತುಳುಕಿತು. 2024ರ ಸೆಪ್ಟೆಂಬರ್ ಕೊನೇಲಿ ಅಕ್ಕಿ ರಫ್ತು ಬಿಟ್ರು. 2025ರ ಜನವರಿಯಲ್ಲಿ ಕ್ವಿಂಟಲ್‌ಗೆ 2,250 ರೂಪಾಯಿಗೆ ರಾಜ್ಯಗಳಿಗೂ ಕೊಡ್ತೀವಿ, ಎಥನಾಲ್ ಡಿಸ್ಟಿಲರಿಗೂ ಕೊಡ್ತೀವಿ ಅಂದ್ರು, ಎಫ್‌ಸಿಐಗೆ ಬಿದ್ದ ಅಸಲಿಗಿಂತ ಎಷ್ಟೋ ಕಮ್ಮಿ ರೇಟು. ಕರ್ನಾಟಕ ಫೆಬ್ರವರಿಯಿಂದ ದುಡ್ಡು ನಿಲ್ಲಿಸಿ ಮತ್ತೆ ಅಕ್ಕಿ ಕೊಡೋಕೆ ಶುರು ಮಾಡಿತು. ಗೋಧಿ ಖರೀದಿ ಆ ವರ್ಷ 300 ಲಕ್ಷ ಟನ್, ಜುಲೈ 1ಕ್ಕೆ ಸ್ಟಾಕ್ 358, ಗೆರೆ ಅದೇ ಹಳೇ 275.8.